ದೊಡ್ಡ ಮೇಡಂಗೆ ಹೇಳಬೇಕಾದ ಮಾತು

ಒಂದಾನೊಂದು ಊರಿನಲ್ಲಿ ಒಬ್ಬಳು ರಾಕ್ಷಸಿ ಇದ್ದಳು, ಅವಳೊಂದು ಶಾಲೆ ನಡೆಸುತ್ತಿದ್ದಳು. ಅದೇ ಊರಿನಲ್ಲಿ ಹಲ್ಲಿನ ಡಾಕ್ಟರ ಕೈಕೆಳಗೆ ದುಡಿಯುವ ಒಬ್ಬ ಹೆಂಗಸಿದ್ದಳು, ಅವಳು ನಾಲ್ಕು ಜನರ ಮುಂದೆ ಒಂದು ಮಾತು ಕೊಟ್ಟುಬಿಟ್ಟಿದ್ದಳು: ನಾಳೆ ಶಾಲೆ ಬಿಡುವುದರೊಳಗೆ ರಾಕ್ಷಸಿಯ ಕೋಣೆಗೆ ಹೋಗುತ್ತೇನೆ, ಎದುರಿಗೆ ನಿಲ್ಲುತ್ತೇನೆ, ನಿನ್ನ ಕಾಲ ಮುಗಿಯಿತು ಎಂದು ಹೇಳಿ ಬರುತ್ತೇನೆ. ಅಜ್ಜಿ ಇದ್ದಿದ್ದರೆ ಕಥೆಯನ್ನು ಹೀಗೇ ಎತ್ತಿಕೊಳ್ಳುತ್ತಿದ್ದಳು ಅಂದುಕೊಳ್ಳುತ್ತ ಅವಳು ಕುರ್ಚಿಯಲ್ಲಿ ಅಂಗಾತ ಮಲಗಿದ್ದವನ ಬಾಯೊಳಗೆ ಎಂಜಲು ಹೀರುವ ಕೊಳವೆ ಹಿಡಿದು ನಿಂತಿದ್ದಳು. ಮೇಲೆ ಬಿಳಿ ದೀಪ, ಕೆಳಗೆ ತೆರೆದ ಬಾಯಿ. ತೆರೆದ ಬಾಯಿ ಎದುರಾಡುವುದಿಲ್ಲ. ಅದಕ್ಕೇ ಈ ಕೆಲಸ ಅವಳಿಗೆ ಒಗ್ಗಿತ್ತು. ಬೆಳಗಿನಿಂದ ಬಂದ ಪ್ರತಿಯೊಂದು ಬಾಯಿಗೂ ಅವಳು ಮನಸ್ಸಿನಲ್ಲೇ ಆ ಮಾತನ್ನು ಹೇಳಿ ನೋಡುತ್ತಿದ್ದಳು. 'ಮೇಡಂ, ನಿಮ್ಮ ಅವಧಿ ಮುಂದುವರಿಸುವುದು ಬೇಡ ಎಂದು ಸಮಿತಿ ತೀರ್ಮಾನಿಸಿದೆ.' ತೀರಾ ಸಪ್ಪೆ. 'ಮೇಡಂ, ಮೊದಲು ಕೂತ್ಕೊಳ್ಳಿ.' ಅವರದೇ ಕೋಣೆಯಲ್ಲಿ ಅವರಿಗೇ ಕೂತ್ಕೊಳ್ಳಿ ಅನ್ನುವುದು! ಅದಕ್ಕೆ ರುಚಿಯಿತ್ತು. ಅಥವಾ ಬೇಡ, ಅವರು ನಿಂತೇ ಇರಲಿ, ತಾನು ಕೂತು ಹೇಳುತ್ತೇನೆ, ಕಾಲ ಮೇಲೆ ಕಾಲು ಹಾಕಿಕೊಂಡು. ಹಲ್ಲು ಮಸೆಯುವುದೆಂದರೆ ಏನೆಂದು ಈ ಆಸ್ಪತ್ರೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮಲಗಿದಾಗ ಮಸೆದು ಮಸೆದು ಅವಳ ದವಡೆಯ ಹಲ್ಲುಗಳೇ ಚಪ್ಪಟೆಯಾಗಿದ್ದವು.

"ಸಿಸ್ಟರ್, ಎಲ್ಲಿದೀರಿ? ಅವರ ನಾಲಿಗೆ ಹೀರ್ತಿದೀರಿ," ಅಂದರು ಡಾಕ್ಟರು.

"ಸಾರಿ ಸರ್."

"ಶಾಲೆ ಇದೆಯೇನು ಇವತ್ತೂ?"

"ಮಧ್ಯಾಹ್ನ ಸ್ವಲ್ಪ ಹೊತ್ತು ಬಿಟ್ಟರೆ ಸಾಕು ಸರ್."

"ಕೆಲಸ ಅಲ್ಲಿ, ಸಂಬಳ ಇಲ್ಲಿ. ನನಗೂ ಇಂಥ ಒಂದು ಕಡೆ ನೌಕರಿ ನೋಡಿಕೊಡಿ." ಮಲಗಿದ್ದವನು ಬಾಯಿ ಮುಚ್ಚಲಾರದೆ ಗಳಗಳ ಎಂದು ನಕ್ಕ. ಅವಳು ಕೊಳವೆಯನ್ನು ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಅವನ ಕೆನ್ನೆಯ ಒಳಗಡೆ ಒತ್ತಿದಳು. ಒತ್ತಿದ ಮೇಲೆ, ಛೆ, ಇವನೇನು ಮಾಡಿದ್ದ, ಅನ್ನಿಸಿತು.

ಸಂಬಳವಿಲ್ಲದ ಕೆಲಸಕ್ಕೆ ನಗುವವರು ಬಹಳ. ಶಾಲೆಯ ಆಡಳಿತ ಸಮಿತಿಯ ಸದಸ್ಯೆ ಎಂದರೆ ಹೊರಗಿನವರಿಗೆ ಅದೊಂದು ಪದವಿ. ಒಳಗೆ ಹೊಕ್ಕವರಿಗೆ ಅದು ಎಲ್ಲರಿಂದ ಬೈಸಿಕೊಳ್ಳುವ ಬಿಟ್ಟಿ ಚಾಕರಿ. ನೀರಿನ ತೊಟ್ಟಿಯೊಳಗೆ ಇಣುಕಬೇಕು, ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಎಳೆದು ನೋಡಬೇಕು, ಹೊಸ ಟೀಚರ ಸಂದರ್ಶನಕ್ಕೆ ರಜೆ ಹಾಕಿ ಕೂರಬೇಕು, ಊಟವಾದ ಮೇಲೆ ದಿಂಬಿನಷ್ಟು ದಪ್ಪದ ವರದಿ ಓದಬೇಕು. ತರಕಾರಿ ಅಂಗಡಿಯಲ್ಲಿ ಯಾರೋ ತಾಯಿ ಸೆರಗು ಹಿಡಿದು ನಿಲ್ಲಿಸಿ, ಏನ್ರೀ, ನಮ್ಮ ಹುಡುಗನನ್ನ ಹಿಂದಿನ ಬೆಂಚಿಗೆ ಹಾಕಿದಾರಂತಲ್ಲ, ನೀವು ಅಲ್ಲಿದ್ದು ಏನು ಉಪಯೋಗ ಎಂದು ಕೇಳಿದರೆ, ಕೈಯಲ್ಲಿದ್ದ ಬದನೆಕಾಯಿ ಹಾಗೇ ಹಿಡಿದುಕೊಂಡು ಉತ್ತರ ಹೇಳಬೇಕು. "ಊರಿಗೆ ಉಪಕಾರಿ, ಮನೆಗೆ ಮಾರಿ," ಎನ್ನುತ್ತಿದ್ದ ಅವಳ ಗಂಡ. ಅವನು ಲಿಫ್ಟ್ ರಿಪೇರಿಯವನು, ದಿನವಿಡೀ ಕತ್ತಲ ಬಾವಿಯೊಳಗೆ ನೇತಾಡಿ ಬಂದವನು, ಆರಿದ ಊಟವನ್ನು ತಾನೇ ಬಿಸಿಮಾಡಿಕೊಳ್ಳುತ್ತ ಅನ್ನುತ್ತಿದ್ದ. ಅವನಿಗೆ ಕಾರಣ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮಗಳಿಗೋಸ್ಕರ ಎಂದು ಎಲ್ಲರೂ ತಿಳಿದಿದ್ದರು, ಮಗಳೂ ಹಾಗೇ ತಿಳಿದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡಿದ್ದಳು. ಅವಳು ಹೋಗುತ್ತಿದ್ದದ್ದು ಶಾಲೆಯ ಮುಖ್ಯೋಪಾಧ್ಯಾಯಿನಿ, ಎಲ್ಲರ ದೊಡ್ಡ ಮೇಡಂ, ಎಲ್ಲಿ ಎಡವುತ್ತಾರೆಂದು ನೋಡುವುದಕ್ಕೆ.

ಮೂರು ವರ್ಷ ನೋಡಿದ್ದಳು, ಹೇನು ಹೆಕ್ಕುವವಳ ಹಾಗೆ ಕೂದಲು ಕೂದಲು ಬಿಡಿಸಿ. ಸಿಕ್ಕಿದ್ದು ಏನು? ದೊಡ್ಡ ಮೇಡಂ ಕದಿಯಲಿಲ್ಲ, ಸುಳ್ಳು ಹೇಳಲಿಲ್ಲ, ಒಂದು ದಿನ ತಡವಾಗಿ ಬರಲಿಲ್ಲ. ಆದರೆ ಟೀಚರುಗಳು ನಿಲ್ಲುತ್ತಿರಲಿಲ್ಲ. ಒಬ್ಬರ ಹಿಂದೆ ಒಬ್ಬರು, ಹೊಸದಾಗಿ ಬಂದ ಎಳೆಯ ಹುಡುಗಿಯರು, ಬಟ್ಟೆಗೆ ಸೀಮೆಸುಣ್ಣದ ಧೂಳು ಅಂಟುವುದರೊಳಗೆ ಬಿಟ್ಟು ಹೋಗುತ್ತಿದ್ದರು. ಡ್ರಾಯಿಂಗ್ ಟೀಚರು ಆಟದ ಸಾಮಾನಿನ ಕೋಣೆಯಲ್ಲಿ, ಗಾಳಿ ಹೋದ ಚೆಂಡುಗಳ ನಡುವೆ ಕೂತು ಅಳುತ್ತಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಏನಾಯಿತು ಎಂದರೆ, "ಮಕ್ಕಳ ಮುಂದೆ ನನ್ನ ಕೈಯಿಂದ ಬ್ರಷ್ ಕಿತ್ಕೊಂಡ್ರು. ಆನೆ ಕಾಲು ಹೀಗಿರುತ್ತೇನಮ್ಮ, ಇದು ಮೇಜಿನ ಕಾಲು ಅಂದ್ರು. ಎಲ್ಲಾ ಮಕ್ಕಳೂ ನಕ್ಕವು," ಎಂದು ಬಿಕ್ಕಿದ್ದಳು ಆ ಹುಡುಗಿ. ಅವಳ ಬೆನ್ನು ಸವರುತ್ತ ತಾನು ಅನುಭವಿಸಿದ್ದೇನು ಎಂಬುದು ಈಗಲೂ ಇವಳಿಗೆ ನಾಚಿಕೆ ತರುತ್ತಿತ್ತು. ಅದು ಕನಿಕರವಲ್ಲ. ಕಳೆದುಹೋದ ಸೂಜಿ ಬೆರಳಿಗೆ ಚುಚ್ಚಿ ಸಿಕ್ಕಾಗ ಆಗುತ್ತದಲ್ಲ, ಆ ಸಂತೋಷ. ನಿನ್ನೆ ಸಂಜೆ ಸಭೆಯಲ್ಲಿ ಅದನ್ನೇ ಹೇಳಿದಳು. ಸಭೆ ಎಂದಿನಂತೆ ಚಿಕ್ಕ ಮಕ್ಕಳ ಓದುವ ಕೋಣೆಯಲ್ಲಿ. ದೊಡ್ಡ ದೊಡ್ಡ ಮನುಷ್ಯರು ಗೇಣುದ್ದದ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು. ತಮ್ಮ ವಿಷಯ ಬಂದಾಗ ದೊಡ್ಡ ಮೇಡಂ ನಿಯಮದ ಪ್ರಕಾರ ಎದ್ದು ಹೊರಗೆ ಹೋದರು. ವಯಸ್ಸಾಗಿದೆ, ಇನ್ನೆರಡು ವರ್ಷ ಮುಂದುವರಿಸಬೇಕೋ ಬೇಡವೋ ಎಂಬುದು ಪ್ರಶ್ನೆ. ಅವಳು ಮಾತಾಡಿದಳು. ಜನರೆದುರು ಬಾಯಿ ಬಿಡಲು ಅಂಜುವವಳು, ಮೂರು ವರ್ಷ ಬರೀ ತಲೆಯಾಡಿಸಿದವಳು, ನಿಲ್ಲದೆ ಮಾತಾಡಿದಳು. ಅಳುವ ಟೀಚರುಗಳ ಬಗ್ಗೆ ಆಡಿದ ಮಾತೆಲ್ಲ ನಿಜ. ನಿಜವನ್ನೇ ಆಡುತ್ತಿದ್ದೇನೆ ಎಂಬ ಧೈರ್ಯದಲ್ಲಿ ಅವಳ ದನಿ ತೆಳುವಾದ ಬ್ಲೇಡಿನ ಹಾಗೆ ಹೋಗುತ್ತಿತ್ತು. ಕೈ ಎತ್ತಿ ಎಂದಾಗ ಮೊದಲು ಎದ್ದದ್ದು ಅವಳ ಕೈ. ಉಳಿದವು ಸುತ್ತಮುತ್ತ ನೋಡಿಕೊಂಡು, ನೀರಿನಿಂದ ತಲೆಯೆತ್ತುವ ಆಮೆಗಳ ಹಾಗೆ, ಒಂದೊಂದಾಗಿ ಮೇಲೆ ಬಂದವು.

"ಸರಿ ಹಾಗಾದ್ರೆ," ಎಂದು ಅಧ್ಯಕ್ಷರು ಹಣೆ ಒರೆಸಿಕೊಂಡರು. ಅವರದು ಔಷಧಿ ಅಂಗಡಿ. ಕಹಿ ಮಾರುವವರು, ಆದರೆ ಕಹಿ ಹೇಳಿ ಅಭ್ಯಾಸವಿಲ್ಲ. "ನಮ್ಮಲ್ಲಿ ಪದ್ಧತಿ ನಿಮಗೆ ಗೊತ್ತಲ್ಲ. ಪತ್ರ ಆಮೇಲೆ, ಮೊದಲು ಮುಖ ನೋಡಿ ಹೇಳ್ಬೇಕು. ನಾಳೆ ಶಾಲೆ ಬಿಡೋದ್ರೊಳಗೆ. ಯಾರು ಹೇಳ್ತೀರಿ?" ಎಲ್ಲರೂ ತಮ್ಮ ತಮ್ಮ ಮೊಣಕಾಲುಗಳನ್ನು, ಅವು ಈಗಷ್ಟೇ ಹುಟ್ಟಿದವೋ ಎಂಬಂತೆ ನೋಡತೊಡಗಿದರು. "ನಂದು ಅಂಗಡಿ ಇದೆ," "ನಂಗೆ ಬಿ.ಪಿ.," "ನನಗೇ ಅವರು ಪಾಠ ಹೇಳಿದೋರು, ಹೆಂಗೆ ಹೇಳ್ಲಿ?" ಪಾಠ ಹೇಳಿದೋರು! ಅವಳಿಗೂ ಹೇಳಿದ್ದರು. "ನಾನು ಹೇಳ್ತೀನಿ," ಅಂದಳು. ಆ ಸಣ್ಣ ಕುರ್ಚಿಗಳೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟವು.

ಊಟದ ಹೊತ್ತಿಗೆ ಮನೆಗೆ ಬಂದು ಸೀರೆ ಬದಲಾಯಿಸಿದಳು. ಯಾವ ಸೀರೆ ಉಡುವುದೆಂದು ಮದುವೆಯ ದಿನವೂ ಇಷ್ಟು ಯೋಚಿಸಿರಲಿಲ್ಲ. ಗಂಡ ಅಂದು ಬೇಗ ಬಂದಿದ್ದ, ಕೈಯಲ್ಲಿ ಗ್ರೀಸು ಮೆತ್ತಿಕೊಂಡು ಬಾಗಿಲಿಗೊರಗಿ ನೋಡಿದ.

"ಏನಿವತ್ತು, ಮಂತ್ರಿಗಳ ಸವಾರಿ ಜೋರಾಗಿದೆ?"

"ಒಂದು ಮಾತು ಹೇಳಿ ಬರಬೇಕು, ಅಷ್ಟೇ."

"ಒಂದು ಮಾತಿಗೆ ರೇಷ್ಮೆ ಸೀರೆನಾ? ನನಗೆ ದಿನಾ ಸಾವಿರ ಹೇಳ್ತೀಯ, ಹಳೇ ನೈಟಿಲೇ ಮುಗಿಸ್ತೀಯ."

ಅವಳು ನಗಲಿಲ್ಲ. ಹೇಳಿಬಿಡಲೇ ಇವನಿಗೆ ಅನ್ನಿಸಿತು. ಆದರೆ ಏನೆಂದು ಹೇಳುವುದು? ಮೂವತ್ತು ದಾಟಿದ ಹೆಂಗಸು, ಮಗಳ ತಾಯಿ, ಮೂರನೇ ಕ್ಲಾಸಿನ ಒಂದು ಬೆಳಗನ್ನು ಇನ್ನೂ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಾಳೆಂದು ಹೇಳುವುದೆ? ಆ ಬೆಳಿಗ್ಗೆ ಅಜ್ಜಿ ತಲೆ ಬಾಚುತ್ತ ಕಥೆ ಹೇಳುತ್ತಿದ್ದಳು. ಬಾವಿಗೆ ಬಿದ್ದ ರಾಜಕುಮಾರ ಇನ್ನೂ ಮೇಲೆ ಬಂದಿರಲಿಲ್ಲ. ಜಡೆ ಮುಗಿದರೂ ಕಥೆ ಮುಗಿದಿರಲಿಲ್ಲ, ಹೀಗಾಗಿ ಅವಳು ಎದ್ದಿರಲಿಲ್ಲ. ಯಾಕೆ ತಡ ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ಅಜ್ಜಿ ಕಥೆ ಮುಗಿದಿರಲಿಲ್ಲ ಮೇಡಂ." ಆಗಿನ್ನೂ ದೊಡ್ಡ ಮೇಡಂ ಆಗಿರದ ಮೇಡಂ, ಕಪ್ಪು ಜಡೆಯ ಎತ್ತರದ ಮೇಡಂ, ಸಿಟ್ಟಾಗಲಿಲ್ಲ. ಮುಗುಳ್ನಕ್ಕರು. "ಓ, ಅಂಥಾ ಕಥೆನಾ! ಹಾಗಾದ್ರೆ ನಾವೊಬ್ರೇ ಕೇಳಿದ್ರೆ ಹೇಗೆ? ಎಲ್ಲಾ ಕ್ಲಾಸಿಗೂ ಹೋಗಿ ಹೇಳಿ ಬಾ." ಕೈಹಿಡಿದು ತಾವೇ ಕರೆದುಕೊಂಡು ಹೋದರು. ಮೊದಲ ಕೋಣೆಯಲ್ಲಿ ಅವಳು ನಿಜವಾಗಿಯೂ ಕಥೆ ಹೇಳಿದಳು, ಕೈ ಆಡಿಸಿಕೊಂಡು, ಅಜ್ಜಿಯ ಹಾಗೇ ಕಣ್ಣರಳಿಸಿ. ಅವರೆಲ್ಲ ನಕ್ಕದ್ದು ಕಥೆಗೆ ಎಂದುಕೊಂಡಿದ್ದಳು. ಎರಡನೆಯ ಕೋಣೆಯಲ್ಲಿ ತಿಳಿಯಿತು. ಆಮೇಲೆ ಎಷ್ಟು ಕೋಣೆಗಳೋ. ದೊಡ್ಡ ಹುಡುಗರ ಕ್ಲಾಸಿಗೆ ಬರುವಷ್ಟರಲ್ಲಿ ರಾಜಕುಮಾರನೂ ಇರಲಿಲ್ಲ, ಬಾವಿಯೂ ಇರಲಿಲ್ಲ, ಬಾಯಿ ಆಡುತ್ತಿತ್ತು, ತೊಡೆಗುಂಟ ಬಿಸಿಯಾಗಿ ಇಳಿದು ಬೂಟಿನೊಳಗೆ ಸೇರುತ್ತಿತ್ತು. ಇದನ್ನು ಬೇಕಾದರೆ ಹೇಳಬಹುದು. ಆದರೆ ಅದರ ಮಾರನೆಯ ದಿನದ್ದನ್ನು? ಅಜ್ಜಿ ಬಾಚಣಿಗೆ ಹಿಡಿದು, "ಬಾರೇ ಪುಟ್ಟಿ, ರಾಜಕುಮಾರ ಬಾವಿಲೇ ನಡುಗ್ತಾ ಕೂತಿದಾನೆ," ಎಂದು ಕರೆದಾಗ, "ನಿನ್ನ ದರಿದ್ರ ಕಥೆ ನನಗೆ ಬೇಡ, ಇನ್ನು ಜಡೆ ನಾನೇ ಹಾಕ್ಕೋತೀನಿ," ಅಂದದ್ದನ್ನು? ಅಜ್ಜಿ ಬಾಚಣಿಗೆಯ ಹಲ್ಲಿನಲ್ಲಿ ಸಿಕ್ಕಿದ್ದ ಒಂದು ಕೂದಲನ್ನು ನಿಧಾನಕ್ಕೆ ಬಿಡಿಸುತ್ತ ಕೂತದ್ದನ್ನು? ಮತ್ತೆ ಅವಳು ಕೇಳಲಿಲ್ಲ, ಅಜ್ಜಿ ಹೇಳಲೂ ಇಲ್ಲ, ಹಾಗೇ ಹೋಗಿಬಿಟ್ಟಳು. ಅಜ್ಜಿಯ ಎಷ್ಟೋ ಕಥೆಗಳಲ್ಲಿ ರಾಕ್ಷಸಿಯ ಪ್ರಾಣ ರಾಕ್ಷಸಿಯಲ್ಲಿರುವುದಿಲ್ಲ, ಏಳು ಸಮುದ್ರದಾಚೆ ಒಂದು ಗಿಣಿಯಲ್ಲಿರುತ್ತದೆ. ದೊಡ್ಡ ಮೇಡಂಗೆ ಮಕ್ಕಳಿಲ್ಲ, ಗಂಡನಿಲ್ಲ, ಹೇಳಿಕೊಳ್ಳುವಂಥ ನೆಂಟರಿಲ್ಲ. ಆ ಶಾಲೆಯೊಂದೇ ಇದೆ. ಗಿಣಿ ಎಲ್ಲಿದೆ ಎಂದು ಹುಡುಕಿ ಸಮುದ್ರ ದಾಟಬೇಕಾಗಿಯೇ ಇರಲಿಲ್ಲ, ಸಮಿತಿಗೆ ಸೇರಿದರೆ ಸಾಕಿತ್ತು.

ಶಾಲೆಯ ಗೇಟು ದಾಟಿದಳು. ಅದೇ ಫಿನಾಯಿಲ್ ವಾಸನೆ, ಪೆನ್ಸಿಲ್ ಹೆರೆದ ವಾಸನೆ, ಯಾವುದೋ ಕೋಣೆಯಿಂದ ರಾಗವಾಗಿ ಮಗ್ಗಿ. ಮೊದಲ ಮಾತು ತನ್ನದೇ ಆಗಬೇಕು, ಬಾಗಿಲಲ್ಲಿ ನಿಲ್ಲಬಾರದು, ನೇರ ಒಳಗೆ ಹೋಗಿ ಕೂರಬೇಕು. ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲು ತೆರೆದೇ ಇತ್ತು. ಅವಳು ಒಳಗೆ ಕಾಲಿಡುವ ಮೊದಲೇ ಆ ಧ್ವನಿ ಬಂತು.

"ಹಾ, ಬಂದ್ರು ನೋಡು ಹಲ್ಲಿನವರು! ಬನ್ನಿ ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ. ಕೈ ತೊಳ್ಕೊಳ್ಳಿ."

ದೊಡ್ಡ ಮೇಡಂ ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಎದುರಿಗೆ ಒಂದನೇ ಕ್ಲಾಸಿನ ಹುಡುಗಿಯೊಂದು ಬಾಯಿ ತೆರೆದುಕೊಂಡು ನಿಂತಿತ್ತು, ಗಲ್ಲದ ಮೇಲೆ ರಕ್ತದ ಜೊಲ್ಲು. ಮುಂದಿನ ಹಾಲುಹಲ್ಲು ಒಂದು ಎಳೆಯಲ್ಲಿ ನೇತಾಡುತ್ತಿತ್ತು. "ಮೇಡಂ, ನಾನು ಬಂದಿದ್ದು..." "ಆಮೇಲೆ ಹೇಳಿ, ಆಮೇಲೆ. ಇದರ ಅಮ್ಮಂಗೆ ಫೋನ್ ಹತ್ತಲ್ಲ. ನನ್ನ ಬೆರಳು ದಪ್ಪ, ಮಗು ಹೆದರುತ್ತೆ." ಅವಳು ಕೈ ತೊಳೆದಳು. ತೊಳೆಯುವಾಗ ರೇಷ್ಮೆ ಸೀರೆಯ ಅಂಚು ಒದ್ದೆಯಾಯಿತು. ಎಂಥಾ ಅಪಹಾಸ್ಯ, ಸೇಡು ತೀರಿಸಲು ಬಂದವಳಿಗೆ ಹಲ್ಲು ಕೀಳುವ ಕೆಲಸ! ದೊಡ್ಡ ಮೇಡಂ ಮಗುವಿನ ತಲೆಯನ್ನು ತಮ್ಮ ಎದೆಗೆ ಒತ್ತಿ ಹಿಡಿದರು. ಅವರ ಬೈತಲೆ ಅವಳ ಮೂಗಿನ ಕೆಳಗೇ ಇತ್ತು: ಬೆಳ್ಳಗಾದ ಕೂದಲು, ನಡುವೆ ಅಗಲವಾಗಿ ಕಾಣುವ ಚರ್ಮ, ಹರಳೆಣ್ಣೆಯ ವಾಸನೆ. ಇಷ್ಟು ಹತ್ತಿರದಿಂದ ಅವರನ್ನು ಅವಳು ನೋಡಿರಲಿಲ್ಲ. "ಅಳಬಾರ್ದು. ಅತ್ತರೆ ಹೊಸ ಹಲ್ಲು ಸೊಟ್ಟ ಬರುತ್ತೆ," ಅಂದರು ದೊಡ್ಡ ಮೇಡಂ ಮಗುವಿಗೆ. ಪ್ರೀತಿ ತೋರಿಸುವಾಗಲೂ ಹೆದರಿಸದೆ ಬಾರದು ಈ ಹೆಂಗಸಿಗೆ. ಅವಳು ತುಟಿ ಕಚ್ಚಿಕೊಂಡು, ಬೆರಳಿಗೆ ಬಟ್ಟೆ ಸುತ್ತಿ, ಒಮ್ಮೆ ತಿರುವಿದಳು. ಹಲ್ಲು ಬಂತು. ಮಗು ಅಳಲು ಮರೆತು ನಾಲಿಗೆಯನ್ನು ಖಾಲಿ ಜಾಗಕ್ಕೆ ತೂರಿಸಿ ನೋಡಿ, ಬಾಯಿ ಮುಕ್ಕಳಿಸಿ, ಹಲ್ಲನ್ನು ಮುಷ್ಟಿಯಲ್ಲಿ ಹಿಡಿದು ಓಡಿಹೋಯಿತು.

"ಒಳ್ಳೇ ಕೈ," ಅಂದರು ದೊಡ್ಡ ಮೇಡಂ, ಮೇಜಿನ ಕಾಲು ಹಿಡಿದು ಕಷ್ಟಪಟ್ಟು ಏಳುತ್ತ. ಟವೆಲು ತೆಗೆದುಕೊಂಡು ಕೈ ಒರೆಸತೊಡಗಿದರು. ಆಮೇಲೆ, ಹವೆಯ ಬಗ್ಗೆ ಮಾತಾಡುವಷ್ಟು ಸಹಜವಾಗಿ, "ಆವತ್ತು ಕಥೆ ಹೇಳ್ತಾ ಹೇಳ್ತಾ ಬಟ್ಟೆ ಒದ್ದೆ ಮಾಡ್ಕೊಂಡ್ಯಲ್ಲ, ಆಗಲೂ ಹೀಗೇ ತುಟಿ ಕಚ್ಕೊಂಡಿದ್ದೆ ನೀನು," ಅಂದರು.

ಮೂರು ವರ್ಷ 'ನೀವು' ಎಂದಿದ್ದ ಬಾಯಿ. ಅವಳಿಗೆ ಕಿವಿಯೊಳಗೆ ನೀರು ನುಗ್ಗಿದಂತಾಯಿತು. "ನಿಮಗೆ... ನೆನಪಿದೆಯಾ?"

"ನೆನಪಿಲ್ದೆ ಏನು. ಕಥೆ ಮಾತ್ರ ಮರೆತೋಯ್ತು. ಹಠಮಾರಿ ಹುಡುಗಿ ನೀನು. ಅತ್ತಿದ್ರೆ ಎರಡನೇ ಕೋಣೇಲೇ ಬಿಟ್ಟುಬಿಡ್ತಿದ್ದೆ. ಅಳಲೇ ಇಲ್ಲ." ಅವರು ಕಿಟಕಿಯ ಕಡೆ ನೋಡಿದರು. "ಸಮಿತಿಗೆ ನಿನ್ನ ಹೆಸರು ಯಾರು ಸೂಚಿಸಿದ್ದು ಅಂದ್ಕೊಂಡಿದೀಯ?"

"ಅಧ್ಯಕ್ಷರು..."

"ಅವರಿಗೇನು ಗೊತ್ತು, ಪಾಪ. ನಾನೇ ಹೇಳಿದ್ದು. ಆ ಹಲ್ಲಿನ ಆಸ್ಪತ್ರೆ ಹುಡುಗೀನ ಹಾಕಿ ಅಂದೆ. ನಾನು ಎಷ್ಟು ಸಮಿತಿ ನೋಡಿಲ್ಲ! ಈ ಶಾಲೆ ಮೇಲೆ ಪ್ರೀತಿ ಇರೋರು ಎರಡು ಸಭೆಗೆ ಬರ್ತಾರೆ, ಮೂರನೇದಕ್ಕೆ ಅವರ ಮನೆಗೆ ನೆಂಟರು ಬರ್ತಾರೆ. ಸಿಟ್ಟಿರೋರು ಹಾಗಲ್ಲ. ಜ್ವರ ಬಂದ್ರೂ ಬರ್ತಾರೆ. ತೊಟ್ಟಿಗೆ ಇಣುಕು ಅಂದ್ರೆ ತಳದವರೆಗೂ ಇಣುಕ್ತಾರೆ, ಏನಾದ್ರೂ ಸಿಗುತ್ತೇನೋ ಅಂತ. ನೀನು ಬಂದ ಮೇಲೆ ಈ ಶಾಲೇಲಿ ಒಂದು ಚಿಲಕ ಮುರಿದಿಲ್ಲ, ಗೊತ್ತಾ?" ದೊಡ್ಡ ಮೇಡಂ ನಕ್ಕರು. ಅದು ಕೆಟ್ಟ ನಗುವಾಗಿರಲಿಲ್ಲ, ಒಳ್ಳೆಯ ಪಾತ್ರೆ ಅಗ್ಗಕ್ಕೆ ಸಿಕ್ಕಿದ ಗೃಹಿಣಿಯ ನಗು. "ಇನ್ನೆರಡು ವರ್ಷ ಹೀಗೇ ಬಾ. ಬೈಕೊಂಡೇ ಬಾ, ನನಗೇನು."

ಅವಳು ನಿಂತಲ್ಲೇ ನಿಂತಳು. ಬೈಸಿಕೊಳ್ಳುವುದಕ್ಕೆ ತಯಾರಾಗಿದ್ದಳು, ಯಾರು ನೀನು, ನನಗೆ ನೆನಪಿಲ್ಲ ಅನ್ನಿಸಿಕೊಳ್ಳುವುದಕ್ಕೂ ತಯಾರಾಗಿದ್ದಳು, ಇದಕ್ಕೆ ಇರಲಿಲ್ಲ. ಅಷ್ಟು ವರ್ಷ ಯಾರಿಗೂ ಕಾಣದಂತೆ ಬೂದಿ ಮುಚ್ಚಿ ಕಾಪಾಡಿದ ಕೆಂಡದ ಮೇಲೆ ಈ ಹೆಂಗಸು ತನ್ನ ಶಾಲೆಯ ಬಿಸಿನೀರು ಕಾಯಿಸಿಕೊಳ್ಳುತ್ತಿದ್ದಳು. ಜ್ವರದಲ್ಲಿ ನಡುಗುತ್ತ ಬಂದ ಸಭೆಗಳು, ಮಗಳ ಹುಟ್ಟುಹಬ್ಬದ ಸಂಜೆ ಬಿಟ್ಟು ಬಂದ ಸಂದರ್ಶನ, ಗಂಡ ಒಬ್ಬನೇ ತಿಂದ ಊಟಗಳು, ಇವೆಲ್ಲ ತನ್ನ ಸೇಡಿನ ದಾರಿ ಎಂದುಕೊಂಡಿದ್ದಳು. ಅದು ದೊಡ್ಡ ಮೇಡಂ ತೋಡಿಸಿದ ಕಾಲುವೆ. ಮತ್ತೆ ಅವಳ ಕೈಹಿಡಿದು ಕೋಣೆಯಿಂದ ಕೋಣೆಗೆ ಕರೆದೊಯ್ದಿದ್ದರು, ಈ ಸಲ ಮೂರು ವರ್ಷ, ಅವಳಿಗೆ ತಿಳಿಯದಂತೆ. ಬೆಳಗಿನಿಂದ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳನ್ನು ಹುಡುಕಿದಳು. ಕೂತ್ಕೊಳ್ಳಿ ಎನ್ನುವುದು, ಕಾಲ ಮೇಲೆ ಕಾಲು, ಅಳುವ ಟೀಚರುಗಳು, ಒಂದೂ ಸಿಗಲಿಲ್ಲ. ಸಿಕ್ಕಿದ್ದು ಆ ತೀರಾ ಸಪ್ಪೆಯದು.

"ಮೇಡಂ, ನಿಮ್ಮ ಅವಧಿ ಮುಂದುವರಿಸೋದು ಬೇಡ ಅಂತ ಸಮಿತಿ ತೀರ್ಮಾನ ಮಾಡಿದೆ."

ದೊಡ್ಡ ಮೇಡಂ ಕೈ ಒರೆಸುತ್ತಲೇ ಇದ್ದರು. ಒಂದೊಂದೇ ಬೆರಳು, ಬೆರಳಿನ ಸಂದು, ಮಣಿಕಟ್ಟು; ಒಣಗಿದ ಮೇಲೂ ಒರೆಸಿದರು.

"ಇನ್ನೊಂದು ಸಲ ಹೇಳಿ," ಅಂದರು. ಮತ್ತೆ 'ನೀವು' ಬಂದಿತ್ತು.

ಹೇಳಿದಳು. ಎದೆಯ ಯಾವುದೋ ಮೂಲೆಯಲ್ಲಿ ಸಂತೋಷ ಇದ್ದೇ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದು ಅವಳು ಎಣಿಸಿದ್ದಕ್ಕಿಂತ ಬಹಳ ಸಣ್ಣದಿತ್ತು, ಮತ್ತು ಬಹಳ ಗಟ್ಟಿಯಾಗಿತ್ತು.

"ಎಲ್ಲರೂ ಕೈ ಎತ್ತಿದ್ರಾ?"

"ಮೊದಲು ಎತ್ತಿದ್ದು ನಾನು."

"ಅದು ಸರಿ," ಅಂದರು ದೊಡ್ಡ ಮೇಡಂ, ಲೆಕ್ಕ ತಾಳೆಯಾದವರ ಹಾಗೆ. ಮಗ್ಗಿಯ ರಾಗ ನಿಂತು ಮತ್ತೆ ಶುರುವಾಯಿತು. ಆಮೇಲೆ ಬಂದ ಧ್ವನಿಯನ್ನು ಅವಳು ಆ ಕೋಣೆಯಲ್ಲಿ ಎಂದೂ ಕೇಳಿರಲಿಲ್ಲ. ಅದು ಬಾಗಿಲಾಚೆ ನಿಂತು, ಒಳಗೆ ಬರಲೇ ಎಂದು ಕೇಳುವವರ ಧ್ವನಿ. "ಪರೀಕ್ಷೆ ಮುಗಿಯೋವರೆಗಾದ್ರೂ? ಮಕ್ಕಳು ಮಧ್ಯದಲ್ಲಿ... ಪರೀಕ್ಷೆವರೆಗೆ ಅಷ್ಟೇ. ನೀವು ಹೇಳಿದ್ರೆ ಕೇಳ್ತಾರೆ."

ನಿನ್ನೆ ಸಭೆ ಮುಗಿದು ಮೆಟ್ಟಿಲಿಳಿಯುವಾಗ ಅಧ್ಯಕ್ಷರು ಅವಳ ಪಕ್ಕಕ್ಕೆ ಬಂದು, ಯಾರಿಗೂ ಕೇಳದಂತೆ ಅಂದಿದ್ದರು: "ನೋಡಮ್ಮ, ಈ ತಿಂಗಳ ಕೊನೆಗೆ ಅಂತ ಹೇಳು. ಆದ್ರೆ ತೀರಾ ಬೇಜಾರು ಮಾಡ್ಕೊಂಡು ಕೇಳಿದ್ರೆ, ಪರೀಕ್ಷೆವರೆಗೆ ಇರ್ಲಿ ಅಂದ್ಬಿಡು. ಅದು ನಿನಗೇ ಬಿಟ್ಟಿದ್ದು." ಅದು ನಿನಗೇ ಬಿಟ್ಟಿದ್ದು. ಮೂರು ವರ್ಷದ ಬಿಟ್ಟಿ ಚಾಕರಿಯಲ್ಲಿ ಅವಳಿಗೇ ಎಂದು ಯಾರಾದರೂ ಏನನ್ನಾದರೂ ಬಿಟ್ಟಿದ್ದರೆ ಅದೊಂದೇ. ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನಿಂತಳು. ಎದುರಿಗಿದ್ದವರು ಟವೆಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ವಯಸ್ಸಾದ ಕೈ, ಸಡಿಲವಾದ ಚರ್ಮ. ಕೊಡಬಹುದಿತ್ತು. ಕೊಟ್ಟರೆ ಸಮಿತಿಯ ಒಳ್ಳೆಯ ಸದಸ್ಯೆ ಎನ್ನಿಸಿಕೊಂಡು, ನಾಳೆಯಿಂದ ಮತ್ತೆ ಚಿಲಕ ಎಳೆದು ನೋಡುತ್ತ ಇರಬಹುದಿತ್ತು.

"ಇಲ್ಲ ಮೇಡಂ," ಅಂದಳು. "ಈ ತಿಂಗಳ ಕೊನೆಗೆ."

ದೊಡ್ಡ ಮೇಡಂ ತಲೆಯಾಡಿಸಿದರು. ಟವೆಲನ್ನು ಮಡಿಸಿ ಗೋಡೆಯ ಮೊಳೆಗೆ ತೂಗುಹಾಕಲು ಹೋದರು. ಅದು ಮೊಳೆಗೆ ಸಿಕ್ಕದೆ ಜಾರಿ ಇಬ್ಬರ ನಡುವೆ ನೆಲಕ್ಕೆ ಬಿತ್ತು. ಎತ್ತಿಕೊಡಲು ಅವಳು ಬಗ್ಗಲಿಲ್ಲ.